ಗಂಟು ಹುಡುಕಹೋದವರಿಗೆ ಕಂಡದ್ದು

ಭಿಕ್ಷುಕನೊಬ್ಬ ಬೀದಿಯ ಬದಿಯಲ್ಲಿ ಸತ್ತನೆಂದೂ, ಅವನ ತಲೆಯಡಿಯಲ್ಲಿದ್ದ ಚಿಂದಿಯ ಗಂಟನ್ನು ಬಿಚ್ಚಿದಾಗ ನೋಟಿನ ಕಂತೆಗಳು ಸಿಕ್ಕಿದುವೆಂದೂ ಆಗೊಮ್ಮೆ ಈಗೊಮ್ಮೆ ಪತ್ರಿಕೆಯಲ್ಲಿ ಓದುತ್ತೇವೆ. ಸುದ್ದಿ ಸುಳ್ಳೆಂದು ಹೇಳಲಾಗದು. ಆದರೆ ಅದು ನಮ್ಮ ಮನಸ್ಸಿನಲ್ಲಿ ಬೇರೂರುವ ಬಗೆ ಮಾತ್ರ ವಿಚಿತ್ರವಾದುದು. ಮರುದಿನ ದೇವಸ್ಥಾನದ ಮುಂದೆ ಕೈಯೊಡ್ಡಿದ ಮುದುಕಿಯನ್ನು ಕಂಡಾಗ ನಮ್ಮ ಕಣ್ಣು ಅವಳ ಮುಖವನ್ನು ಬಿಟ್ಟು ಅವಳ ಗಂಟಿನ ಮೇಲೆ ಹೋಗುತ್ತದೆ. 'ಇವಳ ಹತ್ತಿರ ಎಷ್ಟಿದೆಯೋ ಯಾರು ಬಲ್ಲರು?' ಎಂದು ಮನಸ್ಸು ಗೊಣಗುತ್ತದೆ. ಇಲ್ಲದೆ ಸತ್ತ ನೂರು ಮಂದಿಯ ಕಥೆ ಮರೆತುಹೋಗುತ್ತದೆ. ಇಟ್ಟುಕೊಂಡು ಸತ್ತ ಒಬ್ಬನ ಕಥೆ ಮಾತ್ರ ಬಾಯಿಂದ ಬಾಯಿಗೆ ಹರಿದು ಉಳಿಯುತ್ತದೆ.

ಈ ಸಂದೇಹ ಒಂದೇ ನಾಡಿಗೆ ಸೇರಿದ್ದಲ್ಲ. ಆದರೆ ಇದನ್ನು ಕಾಯಿದೆಯ ಭಾಷೆಗೆ ಇಳಿಸಿ, ಅದಕ್ಕೆ ಅರ್ಜಿಯ ನಮೂನೆಗಳನ್ನು ಅಚ್ಚುಹಾಕಿಸಿ, ಬಡವನ ಮನೆಬಾಗಿಲಿಗೆ ತನಿಖೆಗಾರನನ್ನು ಅಟ್ಟಿ, ನಡೆದದ್ದನ್ನೆಲ್ಲ ಕಡತದಲ್ಲಿ ಬರೆದಿಟ್ಟ ನಾಡು ಇಂಗ್ಲೆಂಡು. ಸುಮಾರು ಎರಡು ಶತಮಾನಗಳ ಆ ದಾಖಲೆ ನಮ್ಮ ಮುಂದಿರುವುದರಿಂದ ಒಂದು ಪ್ರಶ್ನೆಯನ್ನು ಕೇಳಿ ನೋಡಬಹುದು: ಬಡವರು ಬಚ್ಚಿಟ್ಟ ಹಣವನ್ನು ಹುಡುಕಹೊರಟವರಿಗೆ ಕಡೆಗೂ ಕಂಡದ್ದೇನು?

ತೋಳಿನ ಮೇಲಿನ ಅಕ್ಷರ

ದಿಕ್ಕಿಲ್ಲದವರನ್ನು ಅವರವರ ಊರೇ ಸಾಕಬೇಕೆಂಬ ವ್ಯವಸ್ಥೆ ಇಂಗ್ಲೆಂಡಿನಲ್ಲಿ ಎಲಿಜಬೆತ್ ರಾಣಿಯ ಕಾಲದ 1601ರ ಕಾಯಿದೆಯಿಂದ ನೆಲೆಗೊಂಡಿತು. ಊರಿನ ಜನ ತೆರಿಗೆ ಕೊಡಬೇಕು, ಆ ಹಣದಿಂದ ಮುದುಕರೂ ಕುಂಟರೂ ಅನಾಥರೂ ಬದುಕಬೇಕು. ಧರ್ಮದ ಮಾತೇನೋ ಸರಿ. ಆದರೆ ತೆರಿಗೆ ಕೊಡುವವನಿಗೂ ಪಡೆಯುವವನಿಗೂ ಒಂದೇ ಬೀದಿಯಲ್ಲಿ ಮನೆ. ಕೊಡುವವನ ಕಣ್ಣು ಪಡೆಯುವವನ ಒಲೆಯ ಹೊಗೆಯ ಮೇಲೆ ಬೀಳದೆ ಇದ್ದೀತೆ? 1697ರಲ್ಲಿ ಇನ್ನೊಂದು ಕಾಯಿದೆ ಬಂತು. ಊರ ನೆರವು ಪಡೆಯುವವರು ತಮ್ಮ ಅಂಗಿಯ ಬಲಭುಜದ ಮೇಲೆ, ಎಲ್ಲರಿಗೂ ಕಾಣುವಂತೆ, ಕೆಂಪು ಇಲ್ಲವೆ ನೀಲಿ ಬಟ್ಟೆಯಲ್ಲಿ ಕತ್ತರಿಸಿದ 'ಪಿ' ಎಂಬ ಅಕ್ಷರವನ್ನು ತೊಡಬೇಕು. ಅದು 'ಪಾಪರ್', ಎಂದರೆ ದರಿದ್ರ, ಎಂಬ ಮಾತಿನ ಮೊದಲಕ್ಷರ. ಜೊತೆಗೆ ಊರ ಹೆಸರಿನ ಮೊದಲಕ್ಷರವೂ ಇರಬೇಕು. ಈ ಕಾಯಿದೆಯನ್ನು ತೆಗೆದುಹಾಕಿದ್ದು 1810ರಲ್ಲಿ. ಅಂಗಿಯಿಂದ ಅಕ್ಷರ ಕಿತ್ತುಹೋಯಿತು. ಜನರ ಮನಸ್ಸಿನಿಂದ ಹೋಗಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಅರ್ಥಶಾಸ್ತ್ರಜ್ಞರಿಗೆ ಈ ಹಳೆಯ ವ್ಯವಸ್ಥೆ ಬಹಳ ಮೆತ್ತಗೆನಿಸಿತು. ಕೇಳಿದವರಿಗೆ ಕೊಡುತ್ತ ಹೋದರೆ ದುಡಿಯುವವರು ಯಾರು ಎಂಬುದು ಅವರ ಚಿಂತೆ. ನಾಸೌ ಸೀನಿಯರ್, ಎಡ್ವಿನ್ ಚ್ಯಾಡ್‌ವಿಕ್ ಮೊದಲಾದವರು ಬರೆದ ವರದಿಯ ಮೇಲೆ 1834ರಲ್ಲಿ ಹೊಸ ಬಡವರ ಕಾಯಿದೆ ಜಾರಿಗೆ ಬಂತು. ಅದರ ತತ್ತ್ವ ಸರಳ. ನೆರವು ಪಡೆಯುವವನ ಬಾಳು ಅತ್ಯಂತ ಕೆಳದರ್ಜೆಯ ಕೂಲಿಯ ಬಾಳಿಗಿಂತಲೂ ಕಷ್ಟದ್ದಾಗಿರಬೇಕು. ನೆರವು ಬೇಕೆ? 'ವರ್ಕ್‌ಹೌಸ್' ಎಂಬ ದೊಡ್ಡ ಮನೆಗೆ ಬಂದು ಸೇರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಮತ್ತೊಂದು ಕಡೆ. ಸಮವಸ್ತ್ರ, ಅಳತೆಯ ಗಂಜಿ, ಕಲ್ಲೊಡೆಯುವ ಕೆಲಸ. ಇದರ ಜಾಣತನವನ್ನು ಗಮನಿಸಬೇಕು. ಅರ್ಜಿದಾರನ ಬಳಿ ಗುಟ್ಟಿನ ಗಂಟಿದೆಯೆ ಎಂದು ಹುಡುಕುವ ಶ್ರಮವೇ ಇಲ್ಲ. ಗಂಟಿದ್ದವನು ಈ ಮನೆಗೆ ಕಾಲಿಡಲಾರ. ಕಾಲಿಟ್ಟನೆಂದರೆ ಅವನಲ್ಲಿ ಏನೂ ಇಲ್ಲವೆಂದೇ ಅರ್ಥ. ಮನೆಯೇ ಒರೆಗಲ್ಲು.

ಆದರೆ ಈ ಒರೆಗಲ್ಲಿನಲ್ಲಿ ಒಂದು ದೋಷವಿತ್ತು. ಕಾಲಿಡದೆ ಉಳಿದವರಲ್ಲಿ ಗಂಟಿದ್ದವರು ಎಷ್ಟು ಮಂದಿ, ಮಾನಕ್ಕಂಜಿ ಹಸಿದುಕೊಂಡೇ ಇದ್ದವರು ಎಷ್ಟು ಮಂದಿ ಎಂಬುದನ್ನು ಅದು ಹೇಳಲಾರದು. ಬಾರದವರೆಲ್ಲ ಅನುಕೂಲಸ್ಥರೆಂದು ಅಧಿಕಾರಿಗಳು ಬರೆದುಕೊಂಡರು. ಲೆಕ್ಕದ ಪುಸ್ತಕದಲ್ಲಿ ಖರ್ಚು ಇಳಿಯಿತು. ಬಡತನವೇ ಇಳಿಯಿತೆಂದು ನಂಬಿದರು.

ಧಾತು ಈಶ್ವರದ ನೆನಪು

ಈ ವಿಚಾರಸರಣಿ ಹಡಗು ಹತ್ತಿ ನಮ್ಮ ನಾಡಿಗೂ ಬಂದಿತೆಂಬುದನ್ನು ಮರೆಯಬಾರದು. ಧಾತು, ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ನೆನೆಯುತ್ತಿದ್ದ 1876-78ರ ಮಹಾಕ್ಷಾಮದಲ್ಲಿ ಪರಿಹಾರ ಕೊಡುವ ಕೈ ಇಂಗ್ಲೆಂಡಿನಲ್ಲಿ ಕಲಿತ ಪಾಠವನ್ನೇ ಇಲ್ಲಿ ಒಪ್ಪಿಸಿತು. ಹಸಿದವನು ನಿಜವಾಗಿ ಹಸಿದಿದ್ದಾನೆಯೆ ಎಂದು ಪರೀಕ್ಷಿಸಬೇಕು. ಅದಕ್ಕಾಗಿ ಕೆಲಸ ಕಠಿನವಾಗಿರಬೇಕು, ಕೂಲಿ ಕಡಮೆಯಾಗಿರಬೇಕು, ಕೆಲಸದ ಸ್ಥಳ ಊರಿನಿಂದ ದೂರವಿರಬೇಕು. ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಮದರಾಸು ಪ್ರಾಂತದಲ್ಲಿ ದಿನಗೂಲಿಯನ್ನು ಒಂದು ಪೌಂಡು ತೂಕದ ಧಾನ್ಯ ಮತ್ತು ಅದರ ಮೇಲೊಂದಿಷ್ಟು ಪುಡಿಗಾಸಿಗೆ ಇಳಿಸಿದ. ಅಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಅಲ್ಲಿಯ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಬಹಿರಂಗವಾಗಿಯೇ ವಾದಿಸಬೇಕಾಯಿತು.

ಅಂದಿನ ದಕ್ಷಿಣದ ರೈತನಲ್ಲಿ ಗುಟ್ಟಿನ ಗಂಟು ಇರಲಿಲ್ಲವೆ? ಇದ್ದಿತು. ಹೆಂಡತಿಯ ಕಾಲ್ಗಡಗ, ಬೆಳ್ಳಿಯ ಡಾಬು, ಹಿತ್ತಾಳೆಯ ಬಿಂದಿಗೆ: ಅವನ ಬ್ಯಾಂಕು ಅದೇ. ಬರಗಾಲದಲ್ಲಿ ಆ ಬೆಳ್ಳಿಯೆಲ್ಲ ಕೈ ಬಿಟ್ಟು ಮುಂಬಯಿಯ ಟಂಕಸಾಲೆಗೆ ಕರಗಲು ಹೋಯಿತು. ಒಡವೆ ಮಾರಿ, ಪಾತ್ರೆ ಮಾರಿ, ಮನೆಯ ತೊಲೆಗಳನ್ನು ಕಿತ್ತು ಮಾರಿ, ಆಮೇಲೆ ಪರಿಹಾರದ ಕೆಲಸಕ್ಕೆ ಬಂದವನ ಮೈಯಲ್ಲಿ ಕೆಲಸ ಮಾಡುವ ಕಸುವೆಲ್ಲಿ ಉಳಿದಿತ್ತು? ಮೈಸೂರು ಸೀಮೆಯ ಜನಗಣತಿ 1871ರಲ್ಲಿ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಹೊತ್ತಿಗೆ ಪರೀಕ್ಷೆಗೆ ಕುಳಿತವರೇ ಇರಲಿಲ್ಲ.

ಕೂಡಿಡು ಎಂದವರೇ ಕೇಳಿದರು

ಮತ್ತೆ ಇಂಗ್ಲೆಂಡಿಗೆ ಬರೋಣ. ಹನಿಗೂಡಿದರೆ ಹಳ್ಳ ಎಂದು ನಾವು ಮಕ್ಕಳಿಗೆ ಹೇಳಿಕೊಡುವಂತೆ ವಿಕ್ಟೋರಿಯ ರಾಣಿಯ ಕಾಲದವರು ಬಡವರಿಗೆ ಉಳಿತಾಯದ ಉಪದೇಶವನ್ನು ಹಗಲಿರುಳೂ ಮಾಡಿದರು. 1861ರಲ್ಲಿ ಗ್ಲ್ಯಾಡ್‌ಸ್ಟನ್ ಅರ್ಥಸಚಿವನಾಗಿದ್ದಾಗ ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ಹುಟ್ಟಿತು. ಒಂದು ಷಿಲಿಂಗು ತಂದರೂ ಖಾತೆ ತೆರೆಯಬಹುದು. ನೂರಕ್ಕೆ ವರ್ಷಕ್ಕೆ ಎರಡೂವರೆ ಬಡ್ಡಿ. ಒಂದು ಷಿಲಿಂಗೂ ಒಟ್ಟಿಗೆ ಸಿಗದವರಿಗಾಗಿ 1880ರಲ್ಲಿ ಪೆನ್ನಿಯ ಅಂಚೆಚೀಟಿಗಳನ್ನು ಒಂದು ಕಾಗದದ ಮೇಲೆ ಅಂಟಿಸುತ್ತ ಹೋಗಿ ಹನ್ನೆರಡಾದಾಗ ಒಪ್ಪಿಸುವ ಏರ್ಪಾಡಾಯಿತು. ನಮ್ಮ ದೇಶದ ಅಂಚೆ ಉಳಿತಾಯ ಬ್ಯಾಂಕು 1882ರಲ್ಲಿ ಬಂದದ್ದು ಇದೇ ಮಾದರಿಯ ಮೇಲೆ.

ಕೂಲಿಯವರೂ ಹಿಂದೆ ಬೀಳಲಿಲ್ಲ. ಅವರು ತಮ್ಮತಮ್ಮಲ್ಲೇ 'ಫ್ರೆಂಡ್ಲಿ ಸೊಸೈಟಿ'ಗಳೆಂಬ ಸಂಘಗಳನ್ನು ಕಟ್ಟಿಕೊಂಡು, ವಾರವಾರ ಕೆಲವು ಪೆನ್ನಿ ತೆತ್ತು, ಕಾಯಿಲೆ ಬಿದ್ದಾಗ ವಾರಕ್ಕಿಷ್ಟೆಂದು ಪಡೆಯುತ್ತಿದ್ದರು. ಅದಕ್ಕಿಂತಲೂ ಹೆಚ್ಚಾಗಿ, ಒಪ್ಪೊತ್ತಿನ ಊಟ ಬಿಟ್ಟಾದರೂ ಅವರು ಕಟ್ಟುತ್ತಿದ್ದ ಕಂತೊಂದಿತ್ತು: ತಮ್ಮ ಶವಸಂಸ್ಕಾರದ ವಿಮೆ. 1854ರಿಂದ ಪ್ರುಡೆನ್ಷಿಯಲ್ ಕಂಪೆನಿಯ ಏಜೆಂಟರು ಕಾರ್ಮಿಕರ ಬೀದಿಗಳಲ್ಲಿ ಮನೆಮನೆಗೆ ಬಂದು ವಾರಕ್ಕೊಂದು ಪೆನ್ನಿ ವಸೂಲು ಮಾಡುವುದು ಆ ನಾಡಿನ ದಿನಚರಿಯೇ ಆಯಿತು.

ಸತ್ತಮೇಲಿನ ಖರ್ಚಿನ ಚಿಂತೆ ಬದುಕಿರುವಾಗಲೇ ಅಷ್ಟೇಕೆ ಎಂದು ಕೇಳಬಹುದು. ಅದಕ್ಕೆ ಕಾರಣವಿದೆ. 1832ರ ಶರೀರಶಾಸ್ತ್ರದ ಕಾಯಿದೆಯ ಪ್ರಕಾರ ವರ್ಕ್‌ಹೌಸಿನಲ್ಲಿ ಸತ್ತು, ವಾರಸುದಾರರು ಕೇಳಲು ಬಾರದೆ ಇದ್ದವರ ಶವಗಳನ್ನು ವೈದ್ಯ ವಿದ್ಯಾರ್ಥಿಗಳ ಕತ್ತರಿಗೆ ಒಪ್ಪಿಸಬಹುದಾಗಿತ್ತು. ಹಿಂದೆ ಕೊಲೆಗಾರರ ಶವಕ್ಕೆ ವಿಧಿಸುತ್ತಿದ್ದ ಗತಿ ಈಗ ಬಡವನಾಗಿ ಸತ್ತವನಿಗೆ. ಹಾಗಲ್ಲದಿದ್ದರೂ ಊರ ಖರ್ಚಿನಲ್ಲಿ, ಹೆಸರಿಲ್ಲದ ಗುಂಡಿಯಲ್ಲಿ, ಗುರುತು ಸಿಗದವರೊಂದಿಗೆ ಮಣ್ಣಾಗುವುದು. ಸಾಸಿವೆಯ ಡಬ್ಬಿಯಲ್ಲಿ ತನ್ನ ಮಣ್ಣಿನ ಖರ್ಚಿಗೆಂದು ನಾಲ್ಕು ಕಾಸು ಮುಚ್ಚಿಟ್ಟುಕೊಂಡ ಅಜ್ಜಿಯರನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಬಡವನು ಅಧಿಕಾರಿಗೆ ತೋರಿಸದೆ ಮುಚ್ಚಿಟ್ಟ ಗಂಟಿನಲ್ಲಿ ಬಹುಪಾಲು ಇದ್ದದ್ದು ಇಂಥ ಹಣವೇ. ಅದು ಬದುಕುವುದಕ್ಕಲ್ಲ, ಮರ್ಯಾದೆಯಿಂದ ಸಾಯುವುದಕ್ಕೆ.

ಇಲ್ಲಿಯೇ ಕಾಯಿದೆ ತನ್ನ ಮಾತಿಗೆ ತಾನೇ ತಪ್ಪಿತು. ನಲವತ್ತು ವರುಷ ಸಂಘಕ್ಕೆ ಕಂತು ಕಟ್ಟಿದ ಮುದುಕನೊಬ್ಬ ನೆರವು ಕೇಳಲು ಬಂದರೆ, ಅವನಿಗೆ ಸಂಘದಿಂದ ಬರುವ ಹಣವನ್ನು ಲೆಕ್ಕ ಹಿಡಿದು ಊರ ನೆರವಿನಲ್ಲಿ ಮುರಿದುಕೊಳ್ಳುತ್ತಿದ್ದರು. ಅವನ ನೆರೆಯವನು ಅದೇ ಕಾಸನ್ನು ಹೆಂಡದಂಗಡಿಯಲ್ಲಿ ಕಳೆದಿದ್ದರೆ ಅವನಿಗೆ ಪೂರ್ತಿ ನೆರವು. ಕೂಡಿಡು ಎಂದು ಉಪದೇಶಿಸಿದವರೇ, ಕೂಡಿಟ್ಟೆಯಲ್ಲವೆ, ಅನುಭವಿಸು ಎಂದರು. ಈ ಅನ್ಯಾಯ ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತು. 1894ರಲ್ಲಿ, ಸಂಘದಿಂದ ಬರುವ ವಾರಕ್ಕೆ ಐದು ಷಿಲಿಂಗುಗಳವರೆಗಿನ ಹಣವನ್ನು ಮಂಡಲಿಯವರು ಇಷ್ಟಪಟ್ಟರೆ ಲೆಕ್ಕಕ್ಕೆ ಹಿಡಿಯದೆ ಬಿಡಬಹುದೆಂದು ಕಾಯಿದೆಯಾಯಿತು. ಬಿಡಲೇಬೇಕೆಂದು ಆದದ್ದು 1904ರಲ್ಲಿ.

ಐದು ಷಿಲಿಂಗಿನ ಸಂಭ್ರಮ

1908ರಲ್ಲಿ ಲಿಬರಲ್ ಸರಕಾರ ವೃದ್ಧಾಪ್ಯ ವೇತನದ ಕಾಯಿದೆಯನ್ನು ತಂದಿತು. ಎಪ್ಪತ್ತು ದಾಟಿದವರಿಗೆ, ವರ್ಷದ ವರಮಾನ 21 ಪೌಂಡಿಗೆ ಮೀರದಿದ್ದರೆ, ವಾರಕ್ಕೆ ಐದು ಷಿಲಿಂಗು. ವರಮಾನ ಹೆಚ್ಚಿದಂತೆ ವೇತನ ಇಳಿಯುತ್ತ 31 ಪೌಂಡು 10 ಷಿಲಿಂಗು ದಾಟಿದರೆ ಏನೂ ಇಲ್ಲ. ಇಲ್ಲಿಯೂ ವರಮಾನದ ವಿಚಾರಣೆ ತಪ್ಪಲಿಲ್ಲ. ಆದರೆ ಒಂದು ವ್ಯತ್ಯಾಸವಿತ್ತು. ಹಣ ಸಿಗುತ್ತಿದ್ದುದು ಬಡವರ ಮಂಡಲಿಯ ಬಾಗಿಲಿನಲ್ಲಲ್ಲ, ಊರ ಅಂಚೆ ಕಚೇರಿಯಲ್ಲಿ. ಕಾಗದ ಹಾಕುವವರೂ ಅಂಚೆಚೀಟಿ ಕೊಳ್ಳುವವರೂ ನಿಲ್ಲುವ ಸಾಲಿನಲ್ಲೇ ಮುದುಕನೂ ನಿಲ್ಲಬಹುದು. 1909ರ ಜನವರಿ ಒಂದರಂದು ಮೊದಲ ಬಟವಾಡೆಯಾಯಿತು. ಫ್ಲೋರಾ ಥಾಮ್ಸನ್ ತನ್ನ ಹಳ್ಳಿಯ ನೆನಪುಗಳ ಪುಸ್ತಕದಲ್ಲಿ ಆ ಕಾಲವನ್ನು ವರ್ಣಿಸಿದ್ದಾಳೆ. ಇಷ್ಟು ಉದಾರಿ ಯಾರೋ ಪ್ರಭುವೇ ಇರಬೇಕೆಂದು ಮುದುಕರು ಲಾಯ್ಡ್ ಜಾರ್ಜನನ್ನು 'ಲಾರ್ಡ್' ಮಾಡಿಬಿಟ್ಟರಂತೆ. ಹಣ ಎಣಿಸಿಕೊಟ್ಟ ಅಂಚೆಯ ಹುಡುಗಿಗೆ ತೋಟದ ಹೂವನ್ನೂ ಸೇಬನ್ನೂ ತಂದುಕೊಟ್ಟರಂತೆ.

ಮೋಸಗಾರರ ಭಯ ಆಗಲೂ ಇದ್ದಿತು. ಐರ್ಲೆಂಡಿನಲ್ಲಿ ಜನನ ನೋಂದಣಿ 1864ಕ್ಕೆ ಮುಂಚೆ ಇರಲಿಲ್ಲವಾದ್ದರಿಂದ ಎಪ್ಪತ್ತಾಯಿತೆಂದು ಸಾಧಿಸುವುದು ಹೇಗೆ? 1839ರ ಜನವರಿಯಲ್ಲಿ ಅಲ್ಲಿ ಬೀಸಿದ ಮಹಾ ಬಿರುಗಾಳಿಯ ರಾತ್ರಿಯನ್ನು ನೆನಪಿಟ್ಟುಕೊಂಡವರಿಗೆ ಎಪ್ಪತ್ತಾಗಿರಲೇಬೇಕೆಂದು ಒಪ್ಪಿಕೊಳ್ಳುವ ವಾಡಿಕೆ ಹುಟ್ಟಿತು. ಆ ಮೇಲೆ ಆ ಗಾಳಿಯನ್ನು ಕಣ್ಣಾರೆ ಕಂಡವರ ಸಂಖ್ಯೆ ದಿನೇದಿನೇ ಬೆಳೆಯಿತಂತೆ! ನಕ್ಕುಬಿಡಬಹುದಾದ ಮಾತು. ಆದರೆ ನಗಲಾಗದ ಸಂಗತಿ ಇನ್ನೊಂದಿದೆ. ಮೊದಲ ಮೂರು ತಿಂಗಳಲ್ಲಿಯೇ ವೇತನ ಪಡೆದವರು ಆರು ಲಕ್ಷಕ್ಕೂ ಮಿಕ್ಕಿದರು; ಇದು ಸರಕಾರದ ಎಣಿಕೆಯನ್ನು ಮೀರಿತ್ತು. ಇವರೆಲ್ಲ ಅದುವರೆಗೆ ಎಲ್ಲಿದ್ದರು? ದರಿದ್ರರೆಂಬ ಪಟ್ಟಿ ಹೊರಲು ಮಾನ ಒಪ್ಪದೆ ಮನೆಯೊಳಗೆ ಅಡಗಿದ್ದ ಬಡತನ ಇದೆಂದು ಲಾಯ್ಡ್ ಜಾರ್ಜನೇ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಳ್ಳಬೇಕಾಯಿತು.

ಮನೆಯೊಳಗೆ ಬಂದ ತನಿಖೆಗಾರ

ಈ ಪಾಠವನ್ನು ಇಪ್ಪತ್ತು ವರುಷಗಳಲ್ಲಿ ಮರೆತರು. 1931ರ ಆರ್ಥಿಕ ಮುಗ್ಗಟ್ಟಿನಲ್ಲಿ ನಿರುದ್ಯೋಗಿಗಳು 25 ಲಕ್ಷ ದಾಟಿದರು. ಅವರ ಭತ್ಯದಲ್ಲಿ ನೂರಕ್ಕೆ ಹತ್ತು ಕಡಿಯಬೇಕೆ ಬೇಡವೆ ಎಂಬ ಪ್ರಶ್ನೆಯ ಮೇಲೆ ಮ್ಯಾಕ್‌ಡೊನಾಲ್ಡನ ಕಾರ್ಮಿಕ ಸರಕಾರವೇ ಆಗಸ್ಟಿನಲ್ಲಿ ಒಡೆಯಿತು. ಬಳಿಕ ಬಂದ ರಾಷ್ಟ್ರೀಯ ಸರಕಾರ ಗಂಡಸಿನ ವಾರದ ಭತ್ಯವನ್ನು 17 ಷಿಲಿಂಗಿನಿಂದ 15 ಷಿಲಿಂಗು 3 ಪೆನ್ನಿಗೆ ಇಳಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ. 26 ವಾರ ಭತ್ಯ ಪಡೆದವನು ಮುಂದೆಯೂ ಪಡೆಯಬೇಕಾದರೆ ಆ ವರ್ಷದ ನವೆಂಬರಿನಿಂದ 'ಮೀನ್ಸ್ ಟೆಸ್ಟ್', ಎಂದರೆ ಸ್ಥಿತಿಗತಿಯ ವಿಚಾರಣೆಗೆ ಒಳಗಾಗಬೇಕು. ವಿಚಾರಣೆ ನಡೆಸುವುದು ಹಳೆಯ ಬಡವರ ಮಂಡಲಿಯ ಸ್ಥಾನಕ್ಕೆ ಬಂದಿದ್ದ ಊರಿನ ಸಮಿತಿಗಳು.

ವಿಚಾರಣೆ ಒಬ್ಬನದಲ್ಲ, ಇಡೀ ಮನೆಯದು. ಮಗಳು ಗಿರಣಿಯಲ್ಲಿ ಎಷ್ಟು ಸಂಪಾದಿಸುತ್ತಾಳೆ? ಮುದಿ ತಂದೆಗೆ ವೇತನ ಬರುತ್ತದೆಯೆ? ಅಂಚೆಯ ಪಾಸ್‌ಪುಸ್ತಕದಲ್ಲಿ ಎಷ್ಟಿದೆ? ತನಿಖೆಗಾರ ಮನೆಯೊಳಗೆ ಬಂದು ಮೇಜು ಕುರ್ಚಿಗಳನ್ನು ಕಣ್ಣಿನಲ್ಲೇ ಬೆಲೆಕಟ್ಟುತ್ತಿದ್ದ. ಪಿಯಾನೋ ಮಾರಿದಿರಾ ಎಂದು ಕೇಳಿದ್ದನ್ನು ಆ ತಲೆಮಾರಿನವರು ಸಾಯುವವರೆಗೂ ಮರೆಯಲಿಲ್ಲ. ಇಪ್ಪತ್ತರ ಮಗ ದುಡಿದು ತಂದ ಕೂಲಿಯಿಂದ ತಂದೆಯ ಭತ್ಯ ಕಡಿದುಹೋಗುತ್ತಿತ್ತು. ಮಗನ ಹಂಗಿನಲ್ಲಿ ಉಣ್ಣಲಾರದ ತಂದೆ, ತಂದೆಗೆ ಹೊರೆಯಾಗಲಾರದ ಮಗ: ಎಷ್ಟೋ ಮನೆಗಳಲ್ಲಿ ಮಗ ಗಂಟುಮೂಟೆ ಕಟ್ಟಿ ಬೇರೆ ಬೀದಿಯಲ್ಲಿ ಬಾಡಿಗೆಗೆ ಇರಹೋದ. ಕುಟುಂಬವೆಂಬುದನ್ನು ಕೊಂಡಾಡುತ್ತಿದ್ದ ಸರಕಾರವೇ ಕುಟುಂಬಗಳನ್ನು ಒಡೆಯಿತು.

ಉಳಿತಾಯಕ್ಕೆ ಆ ದಶಕದಲ್ಲಿ ಮಾಡಿದ ನಿಯಮ ಬಹಳ ಸ್ವಾರಸ್ಯವಾದುದು. 25 ಪೌಂಡಿನೊಳಗಿನ ಗಂಟನ್ನು ಗಣಿಸುವುದಿಲ್ಲ. ಅಲ್ಲಿಂದ 300 ಪೌಂಡಿನವರೆಗೆ ಪ್ರತಿಯೊಂದು 25 ಪೌಂಡಿಗೂ ವಾರಕ್ಕೆ ಒಂದು ಷಿಲಿಂಗು ವರಮಾನ ಬರುತ್ತದೆಂದು ಭಾವಿಸಿ ಕಳೆದುಕೊಳ್ಳಬೇಕು. ಲೆಕ್ಕ ಹಾಕಿ ನೋಡಿ. ವಾರಕ್ಕೊಂದು ಷಿಲಿಂಗೆಂದರೆ ವರ್ಷಕ್ಕೆ 52. ಅಂಚೆಯ ಬ್ಯಾಂಕಿನಲ್ಲಿ ಎರಡೂವರೆಯಂತೆ ಆ 25 ಪೌಂಡಿಗೆ ಬರುವ ಬಡ್ಡಿ ವರ್ಷಕ್ಕೆ ಹನ್ನೆರಡೂವರೆ ಷಿಲಿಂಗು. ಬಂದದ್ದರ ನಾಲ್ಕು ಪಟ್ಟು ಬಂತೆಂದು ಎಣಿಸುವ ಲೆಕ್ಕವಿದು. ಬಡ್ಡಿಯ ಹೆಸರಿನಲ್ಲಿ ಅಸಲನ್ನೇ ತಿಂದು ಮುಗಿಸು ಎಂದು ಹೇಳಿದ ಹಾಗಾಯಿತು. ಇಂಥ ಲೆಕ್ಕದ ಮುಂದೆ ಪಾಸ್‌ಪುಸ್ತಕವನ್ನು ಅಕ್ಕನ ಮನೆಯಲ್ಲಿ ಅಡಗಿಸಿಡುವ ಬುದ್ಧಿ ಕೆಲವರಿಗೆ ಬಂದಿದ್ದರೆ ಆಶ್ಚರ್ಯವೇನು? ಅಡಗಿಸಿಟ್ಟವರು ಇದ್ದರು, ಅದನ್ನು ಅಲ್ಲಗಳೆಯುವುದು ಚರಿತ್ರೆಯಲ್ಲ. ಸುಳ್ಳು ಸುಳ್ಳೇ. ಆದರೆ ನಿಜ ಹೇಳಿದವನಿಗೆ ದಂಡ ವಿಧಿಸುವ ನಿಯಮ ಸುಳ್ಳಿನ ತವರುಮನೆಯೆಂಬುದೂ ನಿಜವೇ.

ಎಲ್ಲಕ್ಕಿಂತ ಕೆಟ್ಟದ್ದು ನೆರೆಹೊರೆಯಲ್ಲಿ ಹುಟ್ಟಿದ ವಿಷ. ಸಮಿತಿಗಳಿಗೆ ಹೆಸರಿಲ್ಲದ ಪತ್ರಗಳು ಬರತೊಡಗಿದುವು. ಜಾರ್ಜ್ ಆರ್ವೆಲ್ 1937ರಲ್ಲಿ ಪ್ರಕಟಿಸಿದ 'ದಿ ರೋಡ್ ಟು ವಿಗನ್ ಪಿಯರ್' ಪುಸ್ತಕದಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾನೆ. ನೆರೆಯವನು ಊರಿಗೆ ಹೋಗಿದ್ದಾಗ ಅವನ ಕೋಳಿಗಳಿಗೆ ಕಾಳು ಹಾಕಿದ ನಿರುದ್ಯೋಗಿಯೊಬ್ಬನ ಮೇಲೆ, ಅವನಿಗೆ ಕೋಳಿ ಸಾಕುವ ನೌಕರಿ ಸಿಕ್ಕಿದೆಯೆಂದು ಯಾರೋ ಚಾಡಿ ಹೇಳಿದರು. ಅದು ಸುಳ್ಳೆಂದು ತೋರಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಚಾಡಿ ಹೇಳಿದವನೂ ಬಹುಶಃ ಅದೇ ಬೀದಿಯ ಬಡವನೇ. ಶ್ರೀಮಂತನಿಗೆ ಬಡವನ ಗಂಟು ದೂರದ ವಿಷಯ. ಅರೆಹೊಟ್ಟೆಯ ನೆರೆಯವನಿಗೆ ಅದು ಕಣ್ಣಿನೊಳಗಿನ ಕಸ.

ಎಲ್ಲ ಸಮಿತಿಗಳೂ ನಿರ್ದಯವಾಗಿರಲಿಲ್ಲ. ರಾದರ್‌ಹ್ಯಾಮ್, ಡರ್‌ಹ್ಯಾಮ್‌ಗಳ ಸಮಿತಿಗಳು ತಮ್ಮ ಊರಿನವರನ್ನು ಹಿಂಡಲೊಲ್ಲದೆ ಹೆಚ್ಚು ಉದಾರವಾಗಿ ಕೊಟ್ಟುವು. 1932ರಲ್ಲಿ ಸರಕಾರ ಆ ಸಮಿತಿಗಳ ಅಧಿಕಾರವನ್ನು ಕಿತ್ತು ತನ್ನ ಕಮಿಷನರುಗಳನ್ನು ಕೂರಿಸಿತು. ಅದೇ ವರ್ಷ ಬರ್ಕನ್‌ಹೆಡ್ಡಿನಲ್ಲಿ ಗಲಭೆಗಳಾದುವು. ವಿಚಾರಣೆಯನ್ನು ರದ್ದುಮಾಡಿರೆಂದು ಹಸಿವಿನ ಮೆರವಣಿಗೆ ಲಂಡನಿಗೆ ನಡೆಯಿತು. 1935ರ ಆರಂಭದಲ್ಲಿ ಹೊಸ ದರಗಳು ಬಂದಾಗ ದಕ್ಷಿಣ ವೇಲ್ಸಿನ ಕಣಿವೆಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರು, ಸರಕಾರ ಹಿಂಜರಿಯಿತು.

ಯುದ್ಧ ಬೆಳಕಿಗೆ ತಂದದ್ದು

ಆಮೇಲೆ ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ, ಯಾರೂ ನಿರೀಕ್ಷಿಸದ ರೀತಿಯಲ್ಲಿ, ಈ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. 1940ರಲ್ಲಿ, ಹಿಟ್ಲರನ ವಿಮಾನಗಳು ಬಾಂಬು ಸುರಿಸಲು ತೊಡಗಿದ ಬೇಸಗೆಯಲ್ಲಿ, ವೃದ್ಧರಿಗೆ ಅಗತ್ಯವಿದ್ದರೆ ಪೂರಕ ವೇತನ ಕೊಡುವ ಹೊಣೆಯನ್ನು ಊರಿನ ಸಮಿತಿಗಳಿಂದ ತೆಗೆದು ಕೇಂದ್ರದ ಸಹಾಯ ಮಂಡಲಿಗೆ ವಹಿಸಲಾಯಿತು. ಆಗಲೂ ವಿಚಾರಣೆ ಇದ್ದೇ ಇದ್ದಿತು. ಬದಲಾದದ್ದು ಬಾಗಿಲು ಮಾತ್ರ. ಬಡವರ ಕಾಯಿದೆಯ ಹೆಸರು ಅಲ್ಲಿರಲಿಲ್ಲ. ಸರಕಾರ ಕೆಲವು ಲಕ್ಷ ಅರ್ಜಿಗಳು ಬಂದಾವೆಂದು ಎಣಿಸಿತ್ತು. ಪೂರಕ ವೇತನಕ್ಕೆ ಅರ್ಹರೆಂದು ಸಿದ್ಧವಾದವರು ಹತ್ತು ಲಕ್ಷಕ್ಕೂ ಹೆಚ್ಚು!

ಲಂಡನ್ನಿನ 'ಟೈಮ್ಸ್' ಪತ್ರಿಕೆ ಇದನ್ನು ಗುಪ್ತವಾಗಿದ್ದ ಕೊರತೆಯ ಶೋಧವೆಂದು ಕರೆಯಿತು. ಆ ಮಾತನ್ನು ಒಂದು ಕ್ಷಣ ನಿಂತು ನೋಡಬೇಕು. ನೂರು ವರುಷಗಳಿಂದ ಬಡವರ ಮನೆಯಲ್ಲಿ ಏನೋ ಗುಟ್ಟಿದೆಯೆಂದು ಆ ನಾಡು ಶಂಕಿಸುತ್ತಲೇ ಬಂದಿತ್ತು. ಶಂಕೆ ಸುಳ್ಳಾಗಲಿಲ್ಲ, ಗುಟ್ಟು ಇದ್ದೇ ಇದ್ದಿತು. ಆದರೆ ಬಚ್ಚಿಟ್ಟದ್ದು ಹಣವನ್ನಲ್ಲ, ಇಲ್ಲದಿರುವಿಕೆಯನ್ನು. ಚಳಿಗಾಲದಲ್ಲಿ ಇದ್ದಿಲಿಲ್ಲದೆ ಹಗಲೇ ಹಾಸಿಗೆ ಸೇರುತ್ತಿದ್ದ ಮುದುಕಿ, ಕದ ತಟ್ಟಿದವರಿಗೆ 'ಊಟವಾಯಿತು' ಎನ್ನುತ್ತಿದ್ದ ಮುದುಕ: ಇವರ ಸುಳ್ಳನ್ನು ಹಿಡಿಯುವ ತನಿಖೆಗಾರನನ್ನು ಯಾವ ಸರಕಾರವೂ ನೇಮಿಸಿರಲಿಲ್ಲ.

1941ರಲ್ಲಿ ಇಡೀ ಮನೆಯ ವಿಚಾರಣೆ ರದ್ದಾಯಿತು. 1942ರ ಡಿಸೆಂಬರಿನಲ್ಲಿ ಹೊರಬಂದ ಬೆವರಿಜ್ ವರದಿ ಈ ವಿಚಾರಣೆಯ ಬಗ್ಗೆ ಜನರಿಗಿದ್ದ ಸಿಟ್ಟಿನ ಮೂಲವನ್ನು ಸರಿಯಾಗಿ ಗುರುತಿಸಿತು. ಎಲ್ಲವೂ ಪುಕ್ಕಟೆಯಾಗಿ ಬೇಕೆಂಬ ಆಸೆಯಲ್ಲ ಅದು; ಕಷ್ಟಕಾಲಕ್ಕೆಂದು ಕಾಸು ಕೂಡಿಡುವುದು ಕರ್ತವ್ಯವೆಂದೂ ಸಂತೋಷವೆಂದೂ ತಿಳಿದವರನ್ನು ಅದಕ್ಕಾಗಿಯೇ ದಂಡಿಸಿದ್ದರ ವಿರುದ್ಧದ ಸಿಟ್ಟು. ಆದ್ದರಿಂದ ಎಲ್ಲರೂ ಕಂತು ಕಟ್ಟಿ, ಎಲ್ಲರೂ ಹಕ್ಕಿನಿಂದ ಪಡೆಯುವ ವಿಮೆಯೇ ಮುಖ್ಯವಾಗಬೇಕೆಂದು ಬೆವರಿಜ್ ಸೂಚಿಸಿದ. 1948ರ ಜುಲೈ 5ರಂದು ಹಳೆಯ ಬಡವರ ಕಾಯಿದೆ ಕೊನೆಯುಸಿರೆಳೆಯಿತು.

ಕಾಯಿದೆ ಸತ್ತರೂ

ಕಾಯಿದೆ ಸತ್ತಿತು; ಸಂದೇಹ ಸಾಯಲಿಲ್ಲ, ನಾಚಿಕೆಯೂ ಸಾಯಲಿಲ್ಲ. 1960ರ ದಶಕದ ನಡುವೆ ಸರಕಾರವೇ ವೃದ್ಧರ ಸ್ಥಿತಿಗತಿಗಳನ್ನು ಕುರಿತು ಸಮೀಕ್ಷೆ ನಡೆಸಿದಾಗ, ನೆರವಿಗೆ ಅರ್ಹರಾಗಿದ್ದೂ ಕೇಳದೆ ಇರುವವರು ಲಕ್ಷಾಂತರ ಇದ್ದಾರೆಂದು ತಿಳಿದುಬಂದಿತು. 1966ರಲ್ಲಿ ಯೋಜನೆಯ ಹೆಸರನ್ನೇ ಬದಲಾಯಿಸಿ ನೋಡಿದರು. ಅದಾಗಿ ಹತ್ತು ವರ್ಷಕ್ಕೆ, 1976ರಲ್ಲಿ, ಲಿವರ್‌ಪೂಲಿನಲ್ಲಿ ಒಬ್ಬ ಮೋಸಗಾರ ಸಿಕ್ಕಿಬಿದ್ದ. ಅವನೊಬ್ಬನ ಕಥೆಯನ್ನು ಹಿಡಿದು ಪತ್ರಿಕೆಗಳು ತಿಂಗಳುಗಟ್ಟಲೆ ಪುಕ್ಕಟೆ ಕೂಳಿನವರ ಬೇಟೆಯಾಡಿದುವು. ಆ ಪ್ರಕರಣವನ್ನು ವಿವರವಾಗಿ ಅಧ್ಯಯನ ಮಾಡಿದ ಗೋಲ್ಡಿಂಗ್ ಮತ್ತು ಮಿಡಲ್‌ಟನ್ನರ ಪುಸ್ತಕ 1982ರಲ್ಲಿ ಬಂದಿದೆ. ಚಿಂದಿಯ ಗಂಟಿನಲ್ಲಿ ನೋಟು ಸಿಕ್ಕಿದ ಸುದ್ದಿಯ ಇಂಗ್ಲಿಷ್ ಆವೃತ್ತಿಯೇ ಅದು.

2013ರಲ್ಲಿ ಅಲ್ಲಿಯ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಗಾಗಿ ಒಂದು ಜನಾಭಿಪ್ರಾಯ ಸಮೀಕ್ಷೆ ನಡೆಯಿತು. ನೆರವಿಗೆಂದು ಖರ್ಚಾಗುವ ನೂರು ಪೌಂಡಿನಲ್ಲಿ ಮೋಸದ ಪಾಲೆಷ್ಟು ಎಂದು ಕೇಳಿದಾಗ ಜನ ಹೇಳಿದ್ದು 24 ಪೌಂಡು. ಸರಕಾರದ ಅಂದಿನ ಅಂದಾಜು ಒಂದು ಪೌಂಡಿಗೂ ಕಡಮೆ, 70 ಪೆನ್ಸು. ಅಲ್ಲಿಂದೀಚೆಗೆ ಸರಕಾರದ ಅಂದಾಜು ಏರಿದೆ, ತೋರಿಸದ ಉಳಿತಾಯವೂ ಅದಕ್ಕೊಂದು ಕಾರಣವೆಂಬುದನ್ನೂ ಹೇಳಬೇಕು. ಆದರೂ ಅದು ಜನ ಊಹಿಸಿದ ಸಂಖ್ಯೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಇನ್ನೊಂದು ಬದಿಯಲ್ಲಿ, ಬಡ ವೃದ್ಧರಿಗೆಂದಿರುವ ಪೂರಕ ವೇತನಕ್ಕೆ ಅರ್ಹವಾದ ಪ್ರತಿ ಹತ್ತು ಕುಟುಂಬಗಳಲ್ಲಿ ಮೂರಾದರೂ ಅದನ್ನು ಪಡೆಯುತ್ತಿರಲಿಲ್ಲ. 2024ರಲ್ಲಿ ಚಳಿಗಾಲದ ಇಂಧನ ಭತ್ಯವನ್ನು ಆ ವೇತನ ಪಡೆಯುವವರಿಗೆ ಮಾತ್ರ ಎಂದು ಸರಕಾರ ಸೀಮಿತಗೊಳಿಸಿದಾಗ ಅರ್ಜಿಗಳು ಒಮ್ಮೆಲೆ ಏರಿದುವು. 1909, 1940, 2024: ಮೂರು ಸಲ ಬಾಗಿಲು ಅಲುಗಾಡಿತು, ಮೂರು ಸಲವೂ ಒಳಗಿನಿಂದ ಹೊರಬಂದದ್ದು ಬಡತನವೇ.

ಹಳೆಯ ಷಿಲಿಂಗಿನ ಲೆಕ್ಕವೂ ಬೇರೆ ವೇಷದಲ್ಲಿ ಉಳಿದುಬಂದಿತು. ದುಡಿಯುವ ವಯಸ್ಸಿನವರ ನೆರವಿಗೆ 2006ರಲ್ಲಿ ಗೊತ್ತುಪಡಿಸಿದ ಮಿತಿಯಂತೆ 6,000 ಪೌಂಡಿನ ಮೇಲಿನ ಪ್ರತಿ 250 ಪೌಂಡಿಗೆ ವಾರಕ್ಕೊಂದು ಪೌಂಡು ವರಮಾನವಿದೆಯೆಂದು ಭಾವಿಸುತ್ತಾರೆ. 16,000 ದಾಟಿದರೆ ಏನೂ ಇಲ್ಲ. ನೂರಕ್ಕೆ ವರ್ಷಕ್ಕೆ ಇಪ್ಪತ್ತಕ್ಕೂ ಮೀರಿದ ಬಡ್ಡಿ ಕೊಡುವ ಈ ಬ್ಯಾಂಕು ಯಾವ ಊರಿನಲ್ಲಿದೆಯೋ ತಿಳಿಯದು.

ಸರಕಾರದ ಹಣ ಸಾರ್ವಜನಿಕರ ಹಣ. ಅದನ್ನು ಕೊಡುವಾಗ ವಿಚಾರಿಸಬಾರದೆಂದು ಯಾರೂ ಹೇಳಲಾರರು. ಇದ್ದೂ ಇಲ್ಲವೆಂದವನು ಇಲ್ಲದವನ ಬಾಯಿಂದಲೇ ತುತ್ತು ಕಸಿಯುತ್ತಾನೆ. ಆದರೆ ಈ ಇತಿಹಾಸ ಇನ್ನೊಂದು ಮಾತನ್ನೂ ಹೇಳುತ್ತದೆ. ಸುಳ್ಳು ಎರಡು ಬಗೆ. ಇದ್ದೂ ಇಲ್ಲವೆನ್ನುವುದು ಒಂದು. ಇಲ್ಲದೆಯೂ ಇದೆಯೆನ್ನುವುದು ಇನ್ನೊಂದು. ಮೊದಲನೆಯ ಸುಳ್ಳಿಗೆ ಕಾಯಿದೆ ಇದೆ, ದಂಡವಿದೆ, ಪತ್ರಿಕೆಯಲ್ಲಿ ದಪ್ಪಕ್ಷರದ ತಲೆಬರಹವಿದೆ. ಎರಡನೆಯದನ್ನು ನಾವು ಮರ್ಯಾದೆಯೆಂದು ಕರೆದು ಸುಮ್ಮನಾಗುತ್ತೇವೆ. ಮೊದಲನೆಯದನ್ನು ಹುಡುಕುವ ಗದ್ದಲ ಹೆಚ್ಚಿದಷ್ಟೂ ಎರಡನೆಯದು ಮನೆಯ ಮೂಲೆಗೆ ಸರಿಯುತ್ತದೆ.

ದೇವಸ್ಥಾನದ ಮುಂದಿನ ಆ ಮುದುಕಿಯ ಗಂಟಿನಲ್ಲಿ ಏನಿದೆಯೋ ನನಗೂ ತಿಳಿಯದು. ಇದ್ದರೆ, ಅವಳ ಮಣ್ಣಿನ ಖರ್ಚಿಗಾದೀತೇನೋ.